ಹಿಮೋಫಿಲಿಯಾ ಇದ್ದವರು 200 ಕಿ.ಮೀ. ಸೈಕಲ್ ತುಳಿಯಲು ತಯಾರಾಗುವುದು ಹೇಗೆ

ಚಿಕ್ಕಂದಿನಿಂದ "ಓಡಬೇಡ, ಬೀಳ್ತೀಯ" ಅಂತಲೇ ಕೇಳಿಸಿಕೊಂಡು ಬೆಳೆದ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯವರಿಗೆ ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಒಳ್ಳೆಯ ಗುರಿ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ ಸಮಯ. ಊಟ-ತಿಂಡಿಯ ನಿಲುಗಡೆಯೂ ಅದರಲ್ಲೇ ಸೇರಿದೆ. ಮೊದಲ ಸ್ಥಾನ, ಎರಡನೇ ಸ್ಥಾನ ಅಂತೇನೂ ಇಲ್ಲ. ಬೆಂಗಳೂರಿನಿಂದಲೂ ಇಂಥ ಬ್ರೆವೆಗಳು ಹೊರಡುತ್ತವೆ. ವೇಗದ ಹುಚ್ಚು ಇದ್ದವರು ಬ್ರಿಟನ್ನಿನ ಸೈಕಲ್ ಪಟು ಅಲೆಕ್ಸ್ ಡೌಸೆಟ್ ಅವರನ್ನು ನೋಡಲಿ: ತೀವ್ರ ಹಿಮೋಫಿಲಿಯಾ ಎ ಇದ್ದೂ 2015ರಲ್ಲಿ ಒಂದು ಗಂಟೆಗೆ 52.937 ಕಿ.ಮೀ. ತುಳಿದು ವಿಶ್ವದಾಖಲೆ ಬರೆದವರು.

ಎಲ್ಲಕ್ಕಿಂತ ಮುಖ್ಯ, ರಕ್ತ ಹೆಪ್ಪುಗಟ್ಟಿಸಲು ಸೂಜಿಯಲ್ಲಿ ಕೊಡುವ ಪ್ರೋಟೀನ್ ಆದ ಫ್ಯಾಕ್ಟರ್‌ನ ಲೆಕ್ಕ. ಹಿಮೋಫಿಲಿಯಾ ಎ ಇದ್ದವರಿಗೆ ಬೇಕಾದ ಫ್ಯಾಕ್ಟರ್ 8ನ್ನು ದೇಹತೂಕದ ಕೆ.ಜಿ.ಗೆ 1 ಯೂನಿಟ್ ಕೊಟ್ಟರೆ ರಕ್ತದಲ್ಲಿನ ಮಟ್ಟ ಸುಮಾರು ಶೇ 2 ಏರುತ್ತದೆ. 60 ಕೆ.ಜಿ. ತೂಕದವರಿಗೆ 1500 ಯೂನಿಟ್ ಅಂದರೆ ಶೇ 50. ಸಾಮಾನ್ಯ ಫ್ಯಾಕ್ಟರ್ ಸುಮಾರು 12 ಗಂಟೆಗೆ ಅರ್ಧಕ್ಕಿಳಿಯುತ್ತದೆ. ರಾತ್ರಿ ತೆಗೆದುಕೊಂಡು ಬೆಳಿಗ್ಗೆ ಹೊರಟರೆ ಕೈಯಲ್ಲಿರುವುದು ಶೇ 25, ಎರಡು ದಿನ ಬಿಟ್ಟರೆ ಮೂರೋ ನಾಲ್ಕೋ. ಆದ್ದರಿಂದ ಡೋಸ್ ದಿನವೇ ದೂರದ ಸವಾರಿಯ ದಿನ, ಅದೂ ಹೊರಡುವ ಮುಂಚೆ. ಈ ವೇಳಾಪಟ್ಟಿಯನ್ನು ನಿಮ್ಮ ಹಿಮಟಾಲಜಿಸ್ಟ್ (ರಕ್ತರೋಗ ತಜ್ಞರು) ಜೊತೆ ಕೂತೇ ಬರೆಯಿರಿ. ಫ್ಯಾಕ್ಟರ್ ಬದಲು ಎಮಿಸಿಝುಮ್ಯಾಬ್ ಚುಚ್ಚುಮದ್ದಿನ ಮೇಲಿರುವವರಿಗೆ ಈ ಏರಿಳಿತ ಇಲ್ಲ, ಆದರೆ ದೊಡ್ಡ ಪೆಟ್ಟು ಬಿದ್ದರೆ ಅವರಿಗೂ ಬೇರೆ ಚಿಕಿತ್ಸೆ ಬೇಕಾಗಬಹುದು. ಏನು, ಎಷ್ಟು ಅನ್ನೋದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಮೊದಲ ಆರು ವಾರ ರಸ್ತೆಗೆ ಇಳಿಯಬೇಡಿ. ಮನೆಯಲ್ಲೇ ಸೈಕಲ್ ನಿಲ್ಲಿಸಿ ತುಳಿಯುವ ಟ್ರೈನರ್ ಮೇಲೆ ವಾರಕ್ಕೆ ಮೂರು ದಿನ, 20 ನಿಮಿಷ. ಜೊತೆಗೆ ತೊಡೆಗೆ ಬಲ ಬರುವ ವ್ಯಾಯಾಮ: ಮಲಗಿ ನೇರ ಕಾಲು ಎತ್ತುವುದು, ಗೋಡೆಗೆ ಒರಗಿ ಅರ್ಧ ಕೂರುವುದು. ತೊಡೆ ಸೊರಗಿದ್ದರೆ ಭಾರವೆಲ್ಲ ಮಂಡಿಯ ಮೇಲೆಯೇ ಬೀಳುತ್ತದೆ. ಆಮೇಲೆ ವಾರಕ್ಕೆ ಶೇ 10ರಷ್ಟು ದೂರ ಹೆಚ್ಚಿಸಿ. ಕೀಲಲ್ಲಿ ರಕ್ತ ಇಳಿದ ವಾರ ಲೆಕ್ಕಕ್ಕಿಲ್ಲ, ಹಿಂದಕ್ಕೆ ಹೋಗಿ.

ಸೀಟಿನ ಎತ್ತರದಲ್ಲಿ ಎಡವುವವರೇ ಹೆಚ್ಚು. ಪೆಡಲ್ ಕೆಳಗಿದ್ದಾಗ ಮಂಡಿ 25ರಿಂದ 35 ಡಿಗ್ರಿ ಬಾಗಿರಬೇಕು. ಸೀಟು ತಗ್ಗಾದರೆ ಮಂಡಿಚಿಪ್ಪಿನ ಹಿಂದೆ ಒತ್ತಡ ಏರುತ್ತದೆ. ಹಳೆಯ ರಕ್ತಸ್ರಾವಗಳಿಂದ ಮಂಡಿ ಪೂರ್ತಿ ಮಡಚದವರು 165 ಮಿ.ಮೀ. ಅಥವಾ ಅದಕ್ಕಿಂತ ಗಿಡ್ಡ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಾಕಿಸಿಕೊಳ್ಳಿ. ಮೊಣಕೈ ನೇರವಾಗದಿದ್ದರೆ ಗಿಡ್ಡ ಸ್ಟೆಮ್ (ಹ್ಯಾಂಡಲ್ ಹಿಡಿದಿರುವ ಕೊಂಡಿ). ಏರಿನಲ್ಲಿ ದೊಡ್ಡ ಗೇರ್ ಒತ್ತುವ ಪೌರುಷ ಬೇಡ, ನಿಮಿಷಕ್ಕೆ 80ರ ಆಸುಪಾಸು ಸುತ್ತು ಸಾಕು. ಶೂ ಸಿಕ್ಕಿಸಿಕೊಳ್ಳುವ ಕ್ಲಿಪ್ ಪೆಡಲ್ ಸದ್ಯಕ್ಕೆ ಬೇಡ: ಸಿಗ್ನಲ್‌ನಲ್ಲಿ ಕಾಲು ಬಿಡಿಸಲಾಗದೆ ನಿಂತಲ್ಲೇ ಬೀಳುವವರು ಬಹಳ.

ಕೀಲಲ್ಲಿ ಜುಮ್ಮೆನ್ನುವುದು, ಬಿಸಿ, ಬಿಗಿತ ಶುರುವಾದರೆ ಊತಕ್ಕೆ ಕಾಯಬೇಡಿ. ನಿಲ್ಲಿಸಿ, ಫ್ಯಾಕ್ಟರ್ ತೆಗೆದುಕೊಳ್ಳಿ, 15 ನಿಮಿಷ ಬಟ್ಟೆ ಸುತ್ತಿದ ಐಸ್ ಇಡಿ. ಇನ್ನೊಂದು ಮೋಸದ ನೋವಿದೆ: ತೊಡೆಸಂದು ಹಿಡಿದು ಕಾಲು ನೇರ ಮಾಡಲಾಗದಿದ್ದರೆ ಅದನ್ನು ಸೀಟಿನ ನೋವು ಅಂದುಕೊಳ್ಳಬೇಡಿ. ಬೆನ್ನೆಲುಬಿನಿಂದ ತೊಡೆಗೆ ಹಾಯುವ ಸೋಯಸ್ ಸ್ನಾಯುವಿನಲ್ಲಿ ರಕ್ತಸ್ರಾವ ಆಗಿರಬಹುದು, ಆಸ್ಪತ್ರೆಗೇ ಹೋಗಬೇಕು. ತಲೆಗೆ ಪೆಟ್ಟಾದರೆ ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ನೋವಿಗೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ, ಜೊತೆ ಸವಾರರು ಪ್ರೀತಿಯಿಂದ ಕೊಟ್ಟರೂ.

ಬ್ರೆವೆ ದಿನ ಒಂದು ಡೋಸ್, ಸೂಜಿ, ಸೂಜಿ ಹಾಕುವಾಗ ತೋಳಿಗೆ ಕಟ್ಟುವ ಪಟ್ಟಿ (ಟೂರ್ನಿಕೆಟ್) ನಿಮ್ಮ ಬ್ಯಾಗಿನಲ್ಲೇ ಇರಲಿ. ಫ್ರಿಜ್‌ನಿಂದ ತೆಗೆದ ವಯಲ್ ಎಷ್ಟು ಬಿಸಿಲು ತಾಳುತ್ತದೆ ಅನ್ನುವುದನ್ನು ಲೇಬಲ್‌ನಲ್ಲಿ ಓದಿ, ಥರ್ಮಲ್ ಪೌಚ್‌ನಲ್ಲಿಡಿ. ರೋಗದ ಹೆಸರು, ಡೋಸ್, ವೈದ್ಯರ ಫೋನ್ ನಂಬರ್ ಬರೆದ ಕಾರ್ಡ್ ಜೆರ್ಸಿಯ ಹಿಂಜೇಬಿನಲ್ಲಿರಲಿ.