ಕಲಬುರಗಿಯ ಮಾಳಿಗೆ ಮೇಲೆ ಡಿಡಿ ಭಾರತಿ ಹಿಡಿಯುವುದು

ಸಂಗೀತ, ನೃತ್ಯ, ನಾಟಕಕ್ಕೇ ಮೀಸಲಾದ ಡಿಡಿ ಭಾರತಿ, ಕನ್ನಡದ ಡಿಡಿ ಚಂದನ ಎರಡೂ ದೂರದರ್ಶನದ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ತಿಂಗಳ ಶುಲ್ಕವಿಲ್ಲದೆ ಬರುತ್ತವೆ. 60 ಸೆಂ.ಮೀ. ಡಿಶ್, ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಪುಟ್ಟ ಸಾಧನ), ಸೆಟ್‌ಟಾಪ್ ಬಾಕ್ಸ್, ಕೇಬಲ್ ಇದ್ದರೆ ಸಾಕು.

ಈ ಚಾನೆಲ್‌ಗಳನ್ನು ಕಳಿಸುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಕಲಬುರಗಿಯಿಂದ ನೋಡಿದರೆ ನೇರ ಆಗ್ನೇಯಕ್ಕೆ, ಸುಮಾರು 62 ಡಿಗ್ರಿ ಎತ್ತರದಲ್ಲಿ. ಬಹಳ ಮಂದಿ ಎಡವುವುದು ಇಲ್ಲೇ: ಡಿಶ್‌ನ ಮುಖವನ್ನೇ ಅಷ್ಟು ಮೇಲಕ್ಕೆತ್ತುತ್ತಾರೆ. ಈ ಬಗೆಯ ಡಿಶ್ ತನ್ನ ಮುಖಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿನಿಂದ ಸಿಗ್ನಲ್ ಹಿಡಿಯುತ್ತದೆ. ಹಾಗಾಗಿ ಎತ್ತರಕ್ಕೆ ಡಿಶ್‌ನ ಹಿಂಬದಿಯ ಅಳತೆಪಟ್ಟಿಯನ್ನೇ ನಂಬಿ. ಕಂಬ ಮಾತ್ರ ನೆಟ್ಟಗಿರಬೇಕು. ಶಹಾಬಾದ್ ಕಲ್ಲಿಗೆ ಹ್ಯಾಮರ್ ಡ್ರಿಲ್ ಹಾಕಬೇಡಿ, ಪದರು ಸೀಳುತ್ತದೆ.

ಬಾಕ್ಸ್‌ನಲ್ಲಿ ಎಲ್‌ಎನ್‌ಬಿ 9750-10600 ಆರಿಸಿ. ಡಿಶ್ಶನ್ನು ಕೂದಲೆಳೆಯಷ್ಟು ಹೊರಳಿಸಿ, ಐದಾರು ಸೆಕೆಂಡ್ ಕಾಯಿರಿ, ಮತ್ತೆ ಹೊರಳಿಸಿ. ನೋಡಬೇಕಾದ್ದು ಕ್ವಾಲಿಟಿ ಪಟ್ಟಿ. ಸ್ಟ್ರೆಂತ್ ಪಟ್ಟಿ ಡಿಶ್ ಎತ್ತ ತಿರುಗಿದ್ದರೂ ತುಂಬಿರುತ್ತದೆ.

ಕಾರ್ಯಕ್ರಮಕ್ಕೆ ಕೂರುವ ಮೊದಲು ಟಿವಿಯನ್ನೂ ತಿದ್ದಿ. ಹಳೆಯ ಕಾರ್ಯಕ್ರಮಗಳ ಚಿತ್ರ 4:3 ಅಳತೆಯದು. ಅಗಲಕ್ಕೆ ಎಳೆದರೆ ನರ್ತಕಿಯ ಅರೆಮಂಡಿ (ಮಂಡಿ ಬಾಗಿಸಿ ಅರ್ಧ ಕೂತ ಭಂಗಿ) ಕುಳ್ಳಾಗಿ, ಕೈಬೀಸು ಉದ್ದವಾಗಿ ಕಾಣುತ್ತದೆ. ಆ ಭಂಗಿಯ ಅಳತೆಯೇ ಕಲೆ, ಹಾಗಾಗಿ ಬದಿಯ ಕಪ್ಪು ಪಟ್ಟಿ ಇರಲಿ ಬಿಡಿ. ಧ್ವನಿಯಲ್ಲಿ ಮಾತು ಸ್ಪಷ್ಟಗೊಳಿಸುವ ಮೋಡ್ ತೆಗೆದುಹಾಕಿ: ಅದು ತಂಬೂರಿಯ ನಾದವನ್ನು ಗದ್ದಲವೆಂದೇ ತಿಳಿದು ತಗ್ಗಿಸುತ್ತದೆ, ತಬಲಾ ಜೋಡಿಯ ದಪ್ಪ ದನಿಯ ಡಗ್ಗಾ ಸೊರಗುತ್ತದೆ. ಸರೌಂಡ್ ಕೂಡ ಬೇಡ.

ಜೋರು ಮಳೆಗೆ ಚಿತ್ರ ಒಡೆದರೆ ಡಿಶ್ ಮುಟ್ಟಬೇಡಿ. ಮಳೆ ತಗ್ಗಿದೊಡನೆ ತಾನೇ ಮರಳುತ್ತದೆ.