ಬಟ್ಟೆ ನೋಡಿ ಸೂಜಿ ಹಾಕಿ

ಹೊಲಿಗೆ ಮಷೀನ್ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ ಮಾತು: ಸೂಜಿ ಬದಲಿಸಿ ಎಷ್ಟು ದಿನವಾಯಿತು? ಬಹಳ ಮಂದಿಗೆ ನೆನಪಿರುವುದಿಲ್ಲ. ಮಷೀನ್ ಜೊತೆ ಬಂದ ಸೂಜಿಯಲ್ಲೇ ಜಂಪರ್ (ಸೀರೆಯ ರವಿಕೆ), ಮಕ್ಕಳ ಯೂನಿಫಾರ್ಮ್, ಮನೆಯವರ ಜೀನ್ಸ್ ಪ್ಯಾಂಟು ಎಲ್ಲವನ್ನೂ ಹೊಲಿದಿರುತ್ತಾರೆ. ಆಮೇಲೆ ದಾರ ಹರಿಯುತ್ತದೆ, ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ, ರೇಷ್ಮೆಯ ಎಳೆ ಜಗ್ಗುತ್ತದೆ. ಆಗ ಮೆಕ್ಯಾನಿಕ್‌ನನ್ನು ಕರೆಸಿ, ಟೆನ್ಷನ್ ತಿರುವಿಸಿ, ಶಟಲ್ ಬಿಚ್ಚಿಸಿ ದುಡ್ಡು ಕೊಡುತ್ತಾರೆ. ತೊಂದರೆ ಇರುವುದು ಒಂದು ಕಪ್ ಚಹಾದ ದುಡ್ಡಿಗೆ ಬರುವ ಸೂಜಿಯಲ್ಲಿ. ಬಟ್ಟೆ ಬದಲಾದರೆ ಸೂಜಿಯೂ ಬದಲಾಗಬೇಕು. ಇದೊಂದನ್ನು ರೂಢಿ ಮಾಡಿಕೊಂಡರೆ ಅರ್ಧ ರಿಪೇರಿ ತಪ್ಪುತ್ತದೆ.

ಮೊದಲು ನಂಬರ್ ತಿಳಿದುಕೊಳ್ಳಿ. ಪಾಕೀಟಿನ ಮೇಲೆ 90/14 ಎಂದು ಜೋಡಿ ಅಂಕಿ ಇರುತ್ತದೆ. 90 ಎಂದರೆ ಸೂಜಿಯ ಮೈ 0.90 ಮಿಲಿಮೀಟರ್ ದಪ್ಪ. 14 ಎಂಬುದು ಹಳೆಯ ಸಿಂಗರ್ ಲೆಕ್ಕ. ನಮ್ಮ ಕಡೆ ಅಂಗಡಿಯಲ್ಲಿ "ಹದಿನಾಲ್ಕು ನಂಬರ್ ಸೂಜಿ ಕೊಡ್ರಿ" ಅಂದರೆ ಸಾಕು, ಕೊಡುತ್ತಾರೆ. 65/9 ತೀರಾ ಸಣ್ಣದು. ಆಮೇಲೆ 75/11, 80/12, 90/14, 100/16, 110/18 ಎಂದು ದಪ್ಪವಾಗುತ್ತಾ ಹೋಗುತ್ತದೆ. ದಾರದ ಲೆಕ್ಕ ಇದಕ್ಕೆ ಉಲ್ಟಾ. ದಾರದ ಉರುಳೆಯ ಮೇಲಿನ ನಂಬರ್ ಏರಿದಷ್ಟೂ ದಾರ ತೆಳ್ಳಗಾಗುತ್ತದೆ. ಹೊಸಬರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ, ನೆನಪಿಡಿ.

ಸೂಜಿಯ ಕೆಲಸ ತೂತು ಹೊಡೆಯುವುದಷ್ಟೇ ಅಲ್ಲ. ಸೂಜಿ ಪೂರ್ತಿ ಕೆಳಗಿಳಿದು ಒಂದಿಷ್ಟು ಮೇಲೇಳುವಾಗ, ಕಣ್ಣಿನ ಹಿಂದೆ ದಾರ ಉಬ್ಬಿ ಸಣ್ಣ ಕುಣಿಕೆಯಾಗುತ್ತದೆ. ಪ್ಲೇಟಿನ ಕೆಳಗಿರುವ ಶಟಲ್‌ನ ಚೂಪು ತುದಿ ಆ ಕುಣಿಕೆಯನ್ನು ಹಿಡಿದು ಬಾಬಿನ್ (ಕೆಳಗಿನ ದಾರದ ಸಣ್ಣ ಉರುಳೆ) ಸುತ್ತ ತಿರುಗಿಸಿದರೆ ಒಂದು ಹೊಲಿಗೆ ಬಿತ್ತು ಎಂದು ಲೆಕ್ಕ. ಸೂಜಿ ಒಂದು ಕೂದಲಷ್ಟು ಬಾಗಿದರೂ, ಬಟ್ಟೆಗೆ ಹೊಂದದ ಮೊನೆ ಇದ್ದರೂ ಕುಣಿಕೆ ಸರಿಯಾಗಿ ಆಗುವುದಿಲ್ಲ. ಶಟಲ್‌ಗೆ ಅದು ಸಿಗುವುದಿಲ್ಲ. ಹೊಲಿಗೆ ಬಿಟ್ಟು ಹೋಗುವುದು ಹೀಗೆ.

ನಮ್ಮ ಮನೆಗಳಲ್ಲಿ ಜಾಸ್ತಿ ಹೊಲಿಯುವುದು ಜಂಪರ್, ಅಲ್ವಾ? ಅಲ್ಲಿಂದಲೇ ಶುರು ಮಾಡೋಣ. ಟೂ ಬೈ ಟೂ ರುಬಿಯಾ ಎಂಬ ತೆಳ್ಳನೆಯ ಜಂಪರ್ ಬಟ್ಟೆಗೆ 11 ನಂಬರ್ ಚೆನ್ನಾಗಿ ಒಪ್ಪುತ್ತದೆ. ಅಸ್ತರ ಕೊಟ್ಟು ಹೊಲಿಯುವುದಾದರೆ 12 ಹಾಕಿ. ತೋಳು ಕೂಡಿಸುವ ಕಡೆ, ಕಂಕುಳ ಹತ್ತಿರ, ನಾಲ್ಕೈದು ಪದರ ಒಟ್ಟಿಗೆ ಬರುತ್ತವೆ. 11 ನಂಬರ್ ಅಲ್ಲಿ ಬಾಗುತ್ತದೆ. ಆದರೆ ಬರೀ ರುಬಿಯಾಗೆ 14 ಹಾಕಬೇಡಿ. ತೂತು ದೊಡ್ಡದಾಗಿ, ಮೈಗೆ ಬಿಗಿಯಾದಾಗ ಬೆನ್ನಿನ ಹೊಲಿಗೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಬಾಯಿ ಬಿಡುತ್ತದೆ.

ಗುಳೇದಗುಡ್ಡದ ಖಣಕ್ಕೆ ನಾನು ಹೊಸ 11 ನಂಬರ್ ಸೂಜಿಯನ್ನೇ ಹಾಕುತ್ತೇನೆ. ಖಣದ ನೇಯ್ಗೆ ಒತ್ತಾಗಿರುತ್ತದೆ. ಮೊಂಡ ಸೂಜಿ ಎಳೆಗಳ ನಡುವೆ ದಾರಿ ಮಾಡಿಕೊಳ್ಳದೆ ಎಳೆಯನ್ನೇ ಜಗ್ಗುತ್ತದೆ. ಹಾಗೆ ಜಗ್ಗಿದ ಗೆರೆ ಇಸ್ತ್ರಿಗೂ ಹೋಗುವುದಿಲ್ಲ. ಇಳಕಲ್ ಸೀರೆಯ ಸೆರಗಿನ ಕಡೆ ಇನ್ನೂ ಜಾಗ್ರತೆ ಬೇಕು. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದಿರುತ್ತದೆ. ಒಂದೇ ಸೀರೆಯಲ್ಲಿ ಎರಡು ಬಗೆಯ ಬಟ್ಟೆ ಇದ್ದ ಹಾಗೆ. ಸೆರಗಿನ ಅಂಚು ಮಡಚಿ ಹೊಲಿಯುವುದಿದ್ದರೆ 9 ನಂಬರ್, ತೆಳ್ಳನೆಯ ದಾರ, ನಿಧಾನ ತುಳಿತ. ರೇಷ್ಮೆಯಲ್ಲಿ ಒಮ್ಮೆ ಬಿದ್ದ ತೂತು ಸುಲಭವಾಗಿ ಮುಚ್ಚುವುದಿಲ್ಲ. ಅದಕ್ಕೇ ಮೊದಲು ಅಂಚಿನ ಚೂರಿನ ಮೇಲೆ ಹೊಲಿದು ನೋಡಿ. ಜರಿ ಇರುವ ಕಡೆ ಸೂಜಿ ಬೇಗ ಮೊಂಡಾಗುತ್ತದೆ. ಜರಿಯ ಕೆಲಸ ಮುಗಿದ ಸೂಜಿಯನ್ನು ಮತ್ತೆ ರೇಷ್ಮೆಗೆ ತರಬೇಡಿ.

ಕಸೂತಿ ಹಾಕಿದ ಜಂಪರ್ ಹೊಲಿಯುವವರಿಗೆ ಒಂದು ಮಾತು. ನಮ್ಮ ಧಾರವಾಡದ ಕಸೂತಿಯಲ್ಲಿ ಗಂಟು ಹಾಕುವ ಪದ್ಧತಿ ಇಲ್ಲ. ಎಳೆ ಎಣಿಸಿ, ಹಿಂದೆ ಮುಂದೆ ಎರಡೂ ಕಡೆ ಚೊಕ್ಕಟವಾಗಿ ಕಾಣುವಂತೆ ಹಾಕಿರುತ್ತಾರೆ. ಮಷೀನ್ ಸೂಜಿ ಆ ದಾರವನ್ನು ಒಂದು ಕಡೆ ಕತ್ತರಿಸಿದರೂ ಗೋಪುರವೋ ತೇರೋ ಅಲ್ಲಿಂದ ಬಿಚ್ಚಿಕೊಳ್ಳಲು ಶುರುವಾಗುತ್ತದೆ. ಬಟ್ಟೆ ಕತ್ತರಿಸುವಾಗಲೇ ಚಿತ್ರ ಹೊಲಿಗೆಯ ಗೆರೆಗೆ ಬಾರದ ಹಾಗೆ ನೋಡಿಕೊಳ್ಳಿ. ಬಂದೇ ಬರುತ್ತದೆ ಅಂದರೆ ಆ ಒಂದು ಗೇಣು ಜಾಗವನ್ನು ಚಕ್ರ ಕೈಯಲ್ಲಿ ತಿರುಗಿಸುತ್ತಾ ಹೊಲಿಯಿರಿ. ಅವ್ವನೋ ಅಜ್ಜಿಯೋ ಕಣ್ಣು ನೋಯಿಸಿಕೊಂಡು ಹಾಕಿದ ಕೆಲಸ ಅದು, ಅಷ್ಟು ಸಾವಧಾನ ಅದಕ್ಕೆ ಸಲ್ಲಬೇಕು.

ಜಾರ್ಜೆಟ್, ಶಿಫಾನ್‌ಗೆ 9 ನಂಬರ್. ಮೈಕ್ರೋಟೆಕ್ಸ್ ಎಂಬ ತೀರಾ ಚೂಪು ಮೊನೆಯ ಸೂಜಿ ಸಿಕ್ಕರೆ ಇಂಥ ಬಟ್ಟೆಗೆ ಇನ್ನೂ ಒಳ್ಳೆಯದು. ಹೊಲಿಗೆ ಶುರು ಮಾಡುವಾಗ ತೆಳ್ಳನೆಯ ಬಟ್ಟೆ ಸೂಜಿ ಇಳಿಯುವ ಪ್ಲೇಟಿನ ತೂತಿನೊಳಗೆ ಸಿಕ್ಕಿಕೊಳ್ಳುತ್ತದೆ. ಕೆಳಗೆ ಪೇಪರಿನ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಅಚ್ಚಿನ ಮಸಿ ಇಲ್ಲದ ಬಿಳಿ ಪೇಪರ್ ಆಗಬೇಕು.

ಶಾಲೆಯ ಯೂನಿಫಾರ್ಮಿನ ಟೆರಿಕಾಟ್, ಪಾಪ್ಲಿನ್, ಪರಕಾರದ ಬಟ್ಟೆ, ದಿಂಬಿನ ಚೀಲ ಇವಕ್ಕೆಲ್ಲ 14 ಸಾಕು. ಖಾದಿಗೂ 14 ಸರಿ. ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಗರಗ ನಮ್ಮ ಧಾರವಾಡ ತಾಲ್ಲೂಕಿನದೇ, ಧ್ವಜ ತಯಾರಾಗುವ ಬೆಂಗೇರಿ ಹುಬ್ಬಳ್ಳಿಯದು. ಹಾಗಾಗಿ ನಮ್ಮ ಮನೆಗಳಲ್ಲಿ ಖಾದಿ ಅಂಗಿ, ಖಾದಿ ಚೀಲ ಹೊಲಿಯುವ ರೂಢಿ ಇನ್ನೂ ಇದೆ. ಕೈಯಲ್ಲಿ ನೂತ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುತ್ತದೆ. 11 ನಂಬರ್ ಸೂಜಿ ಆ ದಪ್ಪ ನೂಲಿಗೆ ತಾಗಿ ಪಕ್ಕಕ್ಕೆ ಜರುಗುತ್ತದೆ, ಹೊಲಿಗೆಯ ಗೆರೆ ಸೊಟ್ಟಾಗುತ್ತದೆ.

ಇನ್ನು ಬನಿಯನ್ ಬಟ್ಟೆ. ಎಲ್ಲಕ್ಕಿಂತ ಹೆಚ್ಚು ಕಣ್ಣೀರು ಹಾಕಿಸುವುದು ಇದೇ. ಪಕ್ಕದ ಓಣಿಯ ಹುಡುಗಿ ಮಗನ ಟೀ ಶರ್ಟ್ ಹಿಡಿದುಕೊಂಡು ಬಂದಿದ್ದಳು. "ಕಾಕೂ, ಮಷೀನ್ ಹೊಸಾದೈತ್ರಿ, ಆದ್ರೂ ಬಿಟ್ಟು ಬಿಟ್ಟು ಹೊಲ್ಯಾಕತ್ತೈತ್ರಿ" ಅಂದಳು. "ಮಷೀನಿಗೇನೂ ಆಗಿಲ್ಲವ್ವಾ, ಸೂಜಿ ಬದಲಿ ಮಾಡು" ಅಂದೆ. ನೇಯ್ದ ಬಟ್ಟೆಯಲ್ಲಿ ಎಳೆಗಳು ಅಡ್ಡ ಉದ್ದ ಇರುತ್ತವೆ. ಬನಿಯನ್ ಬಟ್ಟೆಯಲ್ಲಿ ಹಾಗಲ್ಲ, ಒಂದು ಕುಣಿಕೆಯೊಳಗೆ ಇನ್ನೊಂದು ಕುಣಿಕೆ ಹೆಣೆದಿರುತ್ತದೆ. ಚೂಪು ಸೂಜಿ ಆ ಕುಣಿಕೆಯನ್ನು ಕತ್ತರಿಸಿದರೆ ನಾಲ್ಕು ಸಲ ಒಗೆದ ಮೇಲೆ ಅಲ್ಲಿ ತೂತು ಕಾಣುತ್ತದೆ. ಅದಕ್ಕೆ ಬಾಲ್ ಪಾಯಿಂಟ್ ಸೂಜಿ ಬೇಕು. ಅದರ ಮೊನೆ ಒಂದಿಷ್ಟು ದುಂಡಗಿರುವುದರಿಂದ ಎಳೆಯನ್ನು ಕತ್ತರಿಸದೆ ಸರಿಸಿ ಒಳಗೆ ಹೋಗುತ್ತದೆ. ತೆಳ್ಳನೆಯ ಟೀ ಶರ್ಟ್‌ಗೆ 11, ದಪ್ಪ ಸ್ವೆಟ್ ಶರ್ಟ್‌ಗೆ 14. ಲೆಗ್ಗಿಂಗ್ಸ್‌ನಂತೆ ಜಗ್ಗುವ ಲೈಕ್ರಾ ಬಟ್ಟೆಗೆ ಸ್ಟ್ರೆಚ್ ಸೂಜಿ ಎಂದೇ ಬೇರೆ ಬರುತ್ತದೆ. ಬಾಲ್ ಪಾಯಿಂಟ್ ಹಾಕಿದರೂ ಲೈಕ್ರಾದಲ್ಲಿ ಹೊಲಿಗೆ ಬಿಡುತ್ತಿದ್ದರೆ ಅದನ್ನು ಕೇಳಿ ತನ್ನಿ. ಕಾಲಲ್ಲಿ ತುಳಿಯುವ ಕಪ್ಪು ಮಷೀನಿನಲ್ಲಿ ನೆಟ್ಟನೆ ಹೊಲಿಗೆ ಮಾತ್ರ ಬರುವುದರಿಂದ ಪಾಲಿಯೆಸ್ಟರ್ ದಾರ ಹಾಕಿ, ಬಟ್ಟೆಯನ್ನು ಮುಂದೆ ಹಿಂದೆ ಹಗುರಾಗಿ ಹಿಡಿದು ಹೊಲಿಯಿರಿ. ಇಲ್ಲದಿದ್ದರೆ ತೊಟ್ಟುಕೊಳ್ಳುವಾಗ ಹೊಲಿಗೆ ಪಟ್ಟನೆ ಹರಿಯುತ್ತದೆ.

ಜೀನ್ಸ್ ಪ್ಯಾಂಟಿನ ಉದ್ದ ಕಡಿಮೆ ಮಾಡುವಾಗ ಸೂಜಿ ಮುರಿಯುವುದು ಯಾವಾಗಲೂ ಪಕ್ಕದ ದಪ್ಪ ಹೊಲಿಗೆ ದಾಟುವಾಗ. 16 ಹಾಕಿ. ತುಂಬಾ ದಪ್ಪ ಡೆನಿಮ್ ಇದ್ದರೆ 18. ಜೀನ್ಸ್ ಸೂಜಿ ಎಂದು ಸಿಗುತ್ತದೆ, ಅದರ ಮೈ ಗಟ್ಟಿ, ಸುಲಭಕ್ಕೆ ಬಾಗುವುದಿಲ್ಲ. ಹೊಲಿಯುವ ಮುಂಚೆ ಆ ದಪ್ಪ ಜಾಗವನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ಚಪ್ಪಟೆ ಮಾಡಿ. ಬಟ್ಟೆಯನ್ನು ಒತ್ತಿ ಹಿಡಿಯುವ ಮಷೀನಿನ ಕಾಲು ಆ ದಿಣ್ಣೆ ಏರುವಾಗ ಮುಂದೆ ಎತ್ತಿಕೊಂಡು ಹಿಂದೆ ಕೆಳಗಿರುತ್ತದೆ. ಆಗ ಕಾಲಿನ ಹಿಂಭಾಗದ ಕೆಳಗೆ ಅಷ್ಟೇ ದಪ್ಪಕ್ಕೆ ಮಡಚಿದ ಜೀನ್ಸ್ ಚೂರು ಇಟ್ಟರೆ ಕಾಲು ಸಮನಾಗುತ್ತದೆ. ಬಟ್ಟೆಯನ್ನು ಹಿಂದಿನಿಂದ ಜಗ್ಗಬೇಡಿ. ಜಗ್ಗಿದರೆ ಸೂಜಿ ಬಾಗಿ ಕೆಳಗಿನ ಪ್ಲೇಟಿಗೆ ಬಡಿಯುತ್ತದೆ, ಮುರಿಯುತ್ತದೆ, ಪ್ಲೇಟಿನ ತೂತಿಗೂ ಗಾಯವಾಗುತ್ತದೆ. ಆ ಗಾಯದ ಚೂಪು ಅಂಚು ಮುಂದೆ ಪ್ರತಿ ಸಲ ದಾರ ಹರಿಯುತ್ತದೆ.

ಕೌದಿ ಬಗ್ಗೆ ತುಂಬಾ ಜನ ಕೇಳುತ್ತಾರೆ. ಹಳೇ ಸೀರೆ ಪದರ ಪದರ ಹಾಕಿದ ಕೌದಿಗೆ ದಬ್ಬಣ ಹಿಡಿದು ಕೈಯಲ್ಲಿ ಹಾಕುವ ಹೊಲಿಗೆಯೇ ಚೆಂದ ಎಂಬುದು ನನ್ನ ಮನಸ್ಸು. ಮೆತ್ತಗೂ ಇರುತ್ತದೆ. ಮಷೀನಿನಲ್ಲೇ ಆಗಬೇಕೆಂದರೆ 16 ಅಥವಾ 18 ಹಾಕಿ, ಹೊಲಿಗೆ ಉದ್ದ ಮಾಡಿ, ನಡುವಿನಿಂದ ಅಂಚಿನ ಕಡೆಗೆ ಹೊಲಿಯುತ್ತಾ ಬನ್ನಿ. ಅಂಚಿನಿಂದ ಶುರು ಮಾಡಿದರೆ ನಡುವೆ ಬಟ್ಟೆ ಮುದುಡುತ್ತದೆ. ನವಲಗುಂದದ ಜಮಖಾನದಂಥ ದಪ್ಪನೆಯದನ್ನು ಮನೆಯ ಮಷೀನಿಗೆ ಕೊಡಬೇಡಿ. ಹರಿದಿದ್ದರೆ ಕೈಯಲ್ಲೇ ಹೊಲಿಯಿರಿ. ಚರ್ಮಕ್ಕೆ ಕತ್ತರಿಸುವ ಮೊನೆಯ ಲೆದರ್ ಸೂಜಿ ಬೇರೆಯೇ ಇದೆ, ಅದನ್ನು ಬಟ್ಟೆಗೆ ಹಾಕಿದರೆ ಬಟ್ಟೆ ಸೀಳುತ್ತದೆ.

ಅಂಗಡಿಗೆ ಹೋಗುವಾಗ ಹಳೆಯ ಸೂಜಿ ಒಯ್ಯಿರಿ. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಮುತ್ತ, ಧಾರವಾಡದ ಸುಭಾಷ್ ರಸ್ತೆಯ ಕಡೆ ಹೊಲಿಗೆ ಸಾಮಾನು ಕೇಳಿದರೆ ಸಿಗುತ್ತದೆ. ಮನೆಯ ಮಷೀನಿನ ಸೂಜಿಯ ಮೇಲ್ತುದಿ ಒಂದು ಕಡೆ ಚಪ್ಪಟೆ ಇರುತ್ತದೆ. ಪಾಕೀಟಿನ ಮೇಲೆ ಎಚ್‌ಎ×1 ಅಥವಾ 130/705 ಎಚ್ ಎಂದಿರುತ್ತದೆ. ಗಾರ್ಮೆಂಟ್ಸ್‌ನವರ ಜೂಕಿಯಂಥ ಮಷೀನಿನ ಡಿಬಿ×1 ಸೂಜಿಯ ಮೇಲ್ತುದಿ ಪೂರ್ತಿ ದುಂಡಗೆ. ಎರಡೂ 14 ನಂಬರ್ ಇದ್ದರೂ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಜಪಾನಿನ ಆರ್ಗನ್, ಜರ್ಮನಿಯ ಶ್ಮೆಟ್ಜ್ ಸೂಜಿಗಳು ನಂಬಿಕೆಯವು. ಬಿಡಿಯಾಗಿ ಕಾಗದದಲ್ಲಿ ಸುತ್ತಿಕೊಟ್ಟದ್ದಕ್ಕಿಂತ ಪಾಕೀಟಿನಲ್ಲಿದ್ದದ್ದನ್ನೇ ತನ್ನಿ. ಸೂಜಿಯ ನಂಬರ್ ಅದರ ಮೇಲ್ತುದಿಯ ಮೇಲೂ ಕೊರೆದಿರುತ್ತದೆ. ಕಣ್ಣಿಗೆ ಕಾಣದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ.

ಸೂಜಿ ಹಾಕುವಾಗ ಪ್ಲೇಟಿನ ತೂತಿನ ಮೇಲೆ ಒಂದು ಕಾಗದದ ಚೂರು ಇಡಿ. ಸೂಜಿ ಕೈತಪ್ಪಿದರೆ ಒಳಗೆ ಬೀಳುವುದಿಲ್ಲ. ಸೂಜಿಯ ಮೈಮೇಲೆ ಒಂದು ಕಡೆ ಉದ್ದನೆಯ ಗಾಡಿ (ಕಾಲುವೆಯಂಥ ತೋಡು) ಇರುತ್ತದೆ, ದಾರ ಅದರೊಳಗೆ ಕೂತು ಇಳಿಯುತ್ತದೆ. ದಾರ ಪೋಣಿಸುವ ಕಡೆಗೆ ಆ ಗಾಡಿ ಬರಬೇಕು, ಚಪ್ಪಟೆ ಮಗ್ಗಲು ಅದರ ಎದುರು ಕಡೆ ಇರಬೇಕು. ಈಗಿನ ಜಿಗ್‌ಜಾಗ್ ಎಲೆಕ್ಟ್ರಿಕ್ ಮಷೀನುಗಳಲ್ಲಿ ಮುಂದಿನಿಂದ ಪೋಣಿಸುತ್ತೇವೆ, ಹಾಗಾಗಿ ಚಪ್ಪಟೆ ಮಗ್ಗಲು ಹಿಂದಕ್ಕೆ. ಸೂಜಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ ತಿರುಪು ಬಿಗಿ ಮಾಡಿ. ಒಂದು ಎಳ್ಳುಕಾಳಿನಷ್ಟು ಕೆಳಗಿದ್ದರೂ ಶಟಲ್ ದಾರ ಹಿಡಿಯುವುದಿಲ್ಲ.

ದಾರಕ್ಕೂ ಸೂಜಿಗೂ ಹೊಂದಿಕೆ ಇದೆಯೇ ಎಂದು ನೋಡಲು ಸುಲಭದ ಉಪಾಯವಿದೆ. ಒಂದು ಮೊಳ ದಾರಕ್ಕೆ ಸೂಜಿ ಪೋಣಿಸಿ, ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಓರೆ ಹಿಡಿಯಿರಿ. ಸೂಜಿ ತಾನೇ ಜಾರಿ ಇಳಿದರೆ ಸರಿ. ನಡುವೆ ನಿಂತರೆ ಕಣ್ಣು ಸಣ್ಣದಾಯಿತು, ಒಂದು ನಂಬರ್ ಮೇಲೆ ಹೋಗಿ.

ಹೊಲಿಗೆ ಹೊತ್ತನ್ನು ಕೂಡಿಸಿ ಎಂಟು ಗಂಟೆ ಆಯಿತೆಂದರೆ ಸೂಜಿ ಬದಲಿಸಿ. ಅದಕ್ಕೂ ಮೊದಲೇ ಟಕ್ ಟಕ್ ಎಂದು ಬಟ್ಟೆ ಕುಟ್ಟುವ ಸಪ್ಪಳ ಬಂದರೆ ಆಗಲೇ ತೆಗೆಯಿರಿ. ಮೊನೆಯನ್ನು ಉಗುರಿನ ಮೇಲೆ ಹಗುರಾಗಿ ಎಳೆದು ನೋಡಿ, ಗೆರೆ ಕೊರೆದರೆ ಮೊನೆ ಮಡಚಿದೆ ಎಂದರ್ಥ. ಬಾಗಿದೆಯೋ ಇಲ್ಲವೋ ತಿಳಿಯಲು ಚಪ್ಪಟೆ ಮಗ್ಗಲನ್ನು ಕನ್ನಡಿಯ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಸಂದು ತುದಿಯವರೆಗೂ ಒಂದೇ ಸಮ ಇರಬೇಕು. ಅರ್ಧ ಹಳತಾದ 14 ನಂಬರ್ ಸೂಜಿಯನ್ನು ಎಸೆಯದೆ ಅರಿವೆ ಚೂರಿಗೆ ಚುಚ್ಚಿ, ಪಕ್ಕದಲ್ಲಿ ಪೆನ್ನಿನಿಂದ ನಂಬರ್ ಬರೆದಿಡಿ. ಒರೆಸುವ ಬಟ್ಟೆ, ಸಂತೆ ಚೀಲಕ್ಕೆ ಆಗುತ್ತದೆ. ಮಳೆಗಾಲದಲ್ಲಿ ಆ ಚೂರಿಗೆ ಒಂದು ಹನಿ ಮಷೀನ್ ಎಣ್ಣೆ ಸವರಿ, ತುಕ್ಕು ಹಿಡಿಯುವುದಿಲ್ಲ. ಹೊಲಿಯುವ ಮುಂಚೆ ಮಾತ್ರ ಒರೆಸಿಕೊಳ್ಳಿ.

ಸೂಜಿ ಮುರಿದರೆ ತುಂಡುಗಳನ್ನು ಜೋಡಿಸಿ ನೋಡಿ. ಪೂರ್ತಿ ಸೂಜಿ ಆಗುವವರೆಗೆ ಹುಡುಕುವುದು ಬಿಡಬೇಡಿ, ಅದರಲ್ಲೂ ಕೂಸಿನ ಅಂಗಿ ಹೊಲಿಯುತ್ತಿದ್ದರೆ. ಬಟ್ಟೆಯ ಮೇಲೆ ಅಯಸ್ಕಾಂತ ಆಡಿಸಿದರೆ ಮಡಿಕೆಯಲ್ಲಿ ಅಡಗಿದ ಮೊನೆ ಸಿಗುತ್ತದೆ. ಮುರಿದದ್ದನ್ನು ಕಸದ ಬುಟ್ಟಿಗೆ ಹಾಕಬೇಡಿ, ಕಸ ಎತ್ತುವವರ ಕೈಗೆ ಚುಚ್ಚುತ್ತದೆ. ಮುಚ್ಚಳವಿರುವ ಖಾಲಿ ಔಷಧಿ ಡಬ್ಬಿಯೊಂದನ್ನು ಮಷೀನಿನ ಡ್ರಾಯರ್‌ನಲ್ಲಿ ಇಟ್ಟುಕೊಂಡು ಅದರೊಳಗೆ ಹಾಕುತ್ತಾ ಹೋಗಿ. ತುಂಬಿದ ಮೇಲೆ ಹಳೇ ಕಬ್ಬಿಣ ಕೊಳ್ಳುವವರಿಗೆ, ಒಳಗೆ ಸೂಜಿ ಇದೆ ಎಂದು ಹೇಳಿ ಕೊಡಿ.