ಹಾಲು ರೊಟ್ಟಿ ಬಿಟ್ಟ ಬೆಕ್ಕು

ಬೆಕ್ಕಿಗೆ ನಾನೇ ಅಡುಗೆ ಮಾಡಿ ಹಾಕುತ್ತೇನೆ ಎಂದಾಗ ನಕ್ಕವರ ಪಟ್ಟಿ ದೊಡ್ಡದು. ಮೊದಲು ಹೆಂಡತಿ, ಆಮೇಲೆ ಪಕ್ಕದ ಅಂಗಡಿಯವರು, ಕೊನೆಗೆ ಒಬ್ಬ ಪಶುವೈದ್ಯರು. ‘ಪೊಟ್ಟಣದ ಆಹಾರ ಹಾಕಿ ಸುಮ್ಮನಿರಿ, ಬರೀ ಮನೆಯ ಅಡುಗೆಯಲ್ಲಿ ಬೆಕ್ಕು ಬಾಳುವುದಿಲ್ಲ’ ಎಂದಿದ್ದರು ಅವರು. ಅದಾಗಿ ಎರಡೂವರೆ ವರ್ಷದ ಮೇಲಾಯಿತು. ಬೆಕ್ಕು ಈಗ ನನ್ನ ವರ್ಕ್‌ಶಾಪಿನಲ್ಲಿ, ರಿಪೇರಿಗೆ ಬಂದ ಕೂಲರೊಂದರ ನೆತ್ತಿಯ ಮೇಲೆ ಮಲಗಿದೆ. ತೂಕ ನಾಲ್ಕು ಕಿಲೋ ಇನ್ನೂರು ಗ್ರಾಂ ಆಸುಪಾಸು. ಹೋದ ತಿಂಗಳ ರಕ್ತಪರೀಕ್ಷೆಯ ಚೀಟಿ ನೋಡಿ ಅದೇ ವೈದ್ಯರು ‘ಏನೇನು ಹಾಕುತ್ತೀರಿ, ಬರೆದುಕೊಡಿ’ ಎಂದರು. ಅವರಿಗೆ ಬರೆದುಕೊಟ್ಟಿದ್ದನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಇಡುತ್ತಿದ್ದೇನೆ.

ಕಲಬುರಗಿಯ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿ ಚೀಲಗಳ ಸಂದಿಯಲ್ಲಿ ಸಿಕ್ಕ ಗಂಡು ಮರಿ ಅದು. ಬಣ್ಣವೂ ಬೇಳೆಯದೇ ಆದ್ದರಿಂದ ತೊಗರಿ ಎಂದೇ ಹೆಸರಿಟ್ಟೆವು. ನಮ್ಮದು ಲಿಂಗಾಯತ ಮನೆ. ಮಾಂಸ ಇರಲಿ, ಮೊಟ್ಟೆಯೂ ಹೊಸ್ತಿಲು ದಾಟುವುದಿಲ್ಲ. ಹಾಗಾಗಿ ಮೊದಲ ನಾಲ್ಕೈದು ತಿಂಗಳು ತೊಗರಿಯೂ ನಮ್ಮ ಪಂಕ್ತಿಯಲ್ಲೇ ಕುಳಿತಿತ್ತು. ಹಾಲಿನಲ್ಲಿ ಹಿಸುಕಿದ ಜೋಳದ ರೊಟ್ಟಿ, ಮೇಲೊಂದಿಷ್ಟು ತುಪ್ಪ. ಹೊಟ್ಟೆ ಡೊಳ್ಳಾಯಿತು, ಬೆನ್ನು ಮೂಳೆ ಎದ್ದು ಕಂಡಿತು, ದಿನಕ್ಕೆ ಮೂರು ಸಲ ಭೇದಿ. ‘ಬೆಕ್ಕಿಗೆ ಹಾಲು ಆಗುವುದಿಲ್ಲ’ ಎಂದರೆ ಅವ್ವ ಇಂದಿಗೂ ಒಪ್ಪುವುದಿಲ್ಲ. ಎಂಬತ್ತು ವರ್ಷ ಬೆಕ್ಕುಗಳು ಹಾಲು ಕುಡಿದಿದ್ದನ್ನು ಕಂಡವರು. ಆ ಬೆಕ್ಕುಗಳೆಲ್ಲ ರಾತ್ರಿ ಕಣಜದಲ್ಲಿ ಇಲಿ ತಿಂದು ಬೆಳಿಗ್ಗೆ ಹಾಲು ಕುಡಿಯುತ್ತಿದ್ದವು ಎಂಬ ಲೆಕ್ಕ ಅವರಿಗೆ ಬೇಡ.

ಆಮೇಲೆ ಪೇಟೆಯಲ್ಲಿ ಸಿಗುವ, ಕಾಳಿನಂತಿರುವ ಬೆಕ್ಕಿನ ಒಣ ಆಹಾರಕ್ಕೆ ಬಂದೆವು. ತಿಂಗಳಿಗೆ ಹೆಚ್ಚೂಕಡಿಮೆ ಏಳುನೂರು ರೂಪಾಯಿ, ಕೈಗೆ ವಾಸನೆ ಇಲ್ಲ, ಮನೆಯಲ್ಲಿ ಜಗಳ ಇಲ್ಲ. ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಮೇ ತಿಂಗಳು ಬಂತು. ನಮ್ಮ ಊರಿನ ಮೇ ಗೊತ್ತಲ್ಲ, ನಲವತ್ತೆರಡು ನಲವತ್ಮೂರು ಡಿಗ್ರಿ. ಕಾಳಿನಲ್ಲಿ ನೀರು ನೂರಕ್ಕೆ ಹತ್ತರಷ್ಟೂ ಇರುವುದು ಕಷ್ಟ, ಬೆಕ್ಕಿಗೆ ಬಾಯಾರಿಕೆಯ ಎಚ್ಚರ ಮೊದಲೇ ಕಡಿಮೆ. ಒಂದು ಸಂಜೆ ತೊಗರಿ ಮರಳಿನ ತಟ್ಟೆಗೆ ಹತ್ತು ನಿಮಿಷಕ್ಕೊಮ್ಮೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ಏನೂ ಮಾಡದೆ ಏಳತೊಡಗಿತು. ಮಲಬದ್ಧತೆ ಎಂದುಕೊಂಡು ನಾನು ರಾತ್ರಿ ಕಳೆದೆ. ಅದು ನನ್ನ ದೊಡ್ಡ ತಪ್ಪು. ಬೆಳಿಗ್ಗೆ ಹೊಟ್ಟೆ ಕಲ್ಲಿನಂತಾಗಿತ್ತು. ಮೂತ್ರನಾಳದಲ್ಲಿ ಹರಳು ಕಟ್ಟಿತ್ತು. ಗಂಡು ಬೆಕ್ಕು ಹೀಗೆ ತಿಣುಕುತ್ತಾ ಕೂತರೆ ಬೆಳಗಾಗುವವರೆಗೆ ಕಾಯಬೇಡಿ, ಇನ್ನೊಂದು ಅರ್ಧ ದಿನ ಕಳೆದಿದ್ದರೆ ನನ್ನದು ಹೋಗಿಯೇ ಬಿಡುತ್ತಿತ್ತು. ನಳಿಕೆ, ಸಲೈನ್, ಇಂಜೆಕ್ಷನ್ ಎಲ್ಲ ಸೇರಿ ಮೂರು ದಿನಕ್ಕೆ ನಾಲ್ಕೂವರೆ ಸಾವಿರ. ಎರಡು ಕೂಲರ್ ಮೋಟರು ಸುತ್ತಿ ಬಂದ ಕೂಲಿಗಿಂತ ಹೆಚ್ಚು.

ನೀರಿನಂಶದ ಆಹಾರ ಹಾಕಿ ಎಂದರು ವೈದ್ಯರು. ಪೇಟೆಯ ಒದ್ದೆ ಪೊಟ್ಟಣ ಒಂದಕ್ಕೆ ನಲವತ್ತು ನಲವತ್ತೈದು, ದಿನಕ್ಕೆ ಮೂರು ಬೇಕು, ತಿಂಗಳಿಗೆ ಮೂರೂವರೆ ನಾಲ್ಕು ಸಾವಿರ. ಎರಡು ತಿಂಗಳು ತಂದೆ. ಮೂರನೆಯ ತಿಂಗಳು ಲೆಕ್ಕದ ಪುಸ್ತಕ ನೋಡಿ ಹೆಂಡತಿ ಏನೂ ಮಾತಾಡಲಿಲ್ಲ. ಅಷ್ಟೇ ಸಾಕಾಯಿತು.

ವರ್ಕ್‌ಶಾಪಿನ ಮಾಳಿಗೆಯ ಮೇಲೆ ಹಳೆಯ ಕಾಯಿಲ್ ಒಲೆ ಒಂದಿತ್ತು. ಮನೆಗೆ ಸಂಬಂಧವಿಲ್ಲದ ಪಾತ್ರೆ, ಚಾಕು, ಮರದ ಹಲಗೆ ತಂದೆ. ಮೊದಲ ಸಲ ಕೋಳಿ ಅಂಗಡಿಯ ಮುಂದೆ ನಿಂತಾಗ ಹೆಲ್ಮೆಟ್ ತೆಗೆಯಲಿಲ್ಲ. ಈಗ ಅಂಗಡಿಯವನೇ ದೂರದಿಂದ ಕೈ ಎತ್ತುತ್ತಾನೆ.

ಆರಂಭದಲ್ಲಿ ಎದೆಯ ಭಾಗದ ಬಿಳಿ ಮಾಂಸ ಬೇಯಿಸಿ, ನೀರು ಬಸಿದು ಹಾಕಿದೆ. ತಿಂದಿತು, ಖುಷಿಯಾಯಿತು. ರಜೆಗೆ ಬಂದ ತಂಗಿಯ ಮಗ ಅದನ್ನು ನೋಡಿ ಹಣೆ ಚಚ್ಚಿಕೊಂಡ. ಅವನು ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಿದ್ದ. ‘ಮಾಮಾ, ಬೇಕಾದ್ದನ್ನೆಲ್ಲ ಚರಂಡಿಗೆ ಚೆಲ್ಲಿದ್ದೀರಿ’ ಎಂದ. ಮಾಂಸದಲ್ಲಿರುವ ಟೌರಿನ್ ಎಂಬ ಪೋಷಕಾಂಶ ನೀರಿಗಿಳಿಯುವ ವಸ್ತು. ಬೆಕ್ಕಿನ ಮೈ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. 1987ರಲ್ಲಿ ಅಮೆರಿಕದಲ್ಲಿ ಇದು ಪತ್ತೆಯಾಗುವ ತನಕ ಕಂಪನಿಗಳ ಡಬ್ಬಿ ಆಹಾರ ತಿಂದ ಬೆಕ್ಕುಗಳೇ ಹೃದಯ ಸೋತು ಸಾಯುತ್ತಿದ್ದವಂತೆ. ಕಂಪನಿಯವರೇ ತಪ್ಪಿದ ಕಡೆ ನಾನು ತಪ್ಪಿದ್ದರಲ್ಲಿ ಏನಿದೆ ಎಂದು ಸಮಾಧಾನ ಹೇಳಿಕೊಂಡೆ. ಎರಡನೆಯ ಏಟು ಸುಣ್ಣದ್ದು. ಬರೀ ಮಾಂಸದಲ್ಲಿ ರಂಜಕ ತುಂಬಾ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು. ಹಾಗೇ ತಿನ್ನಿಸುತ್ತಾ ಹೋದರೆ ಮೈ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ಬೇಯಿಸಿದ ಮೂಳೆ ಕೊಡುವಂತಿಲ್ಲ, ಸಿಬಿರೆದ್ದು ಕರುಳು ಚುಚ್ಚುತ್ತದೆ.

ಪರಿಹಾರ ಮೊಟ್ಟೆಯ ಸಿಪ್ಪೆ. ಮೊದಲ ಸಲ ಕುಟ್ಟಾಣಿಯಲ್ಲಿ ಕುಟ್ಟಿದೆ, ರವೆಯಂತಾಯಿತು, ತೊಗರಿ ಅದನ್ನು ನನ್ನ ಚಪ್ಪಲಿಯ ಮೇಲೆ ಕಾರಿತು. ಸಿಪ್ಪೆಯನ್ನು ಕುದಿಸಿ, ಎರಡು ದಿನ ಬಿಸಿಲಿಗಿಟ್ಟು, ಒಳಪೊರೆ ತೆಗೆದು, ಮಿಕ್ಸಿಯ ಸಣ್ಣ ಜಾರಿನಲ್ಲಿ ತಿರುವಿ, ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ವಿಭೂತಿಯಷ್ಟು ನುಣ್ಣಗೆ. ಈ ಹೋಲಿಕೆ ಅವ್ವನ ಮುಂದೆ ಹೇಳಿ ಬೈಸಿಕೊಂಡಿದ್ದೇನೆ.

ಈಗಿನ ಅಳತೆ ಒಂದು ಕಿಲೋಗೆ ಹೀಗೆ: ತೊಡೆಯ ಕಪ್ಪು ಮಾಂಸ ಆರುನೂರ ಐವತ್ತು ಗ್ರಾಂ, ದಿಲ್ (ಹೃದಯ) ಮತ್ತು ಪೋಟಾ (ಕಾಳು ಅರೆಯುವ ಜಠರ) ಸೇರಿ ಇನ್ನೂರ ಐವತ್ತು, ಕಲೇಜಿ (ಯಕೃತ್ತು) ಐವತ್ತು, ಒಂದು ಮೊಟ್ಟೆ. ಸಿಪ್ಪೆ ಪುಡಿ ಒಂದು ಚಹಾ ಚಮಚ, ಗೋಪುರ ಮಾಡದೆ ಸಮ. ಎರಡು ಲೋಟ ನೀರು, ಸಣ್ಣ ಉರಿ, ಮಾಂಸ ಒಳಗಿನವರೆಗೆ ಬೇಯಬೇಕು. ಆ ನೀರನ್ನು ಒಂದು ಹನಿಯೂ ಚೆಲ್ಲುವುದಿಲ್ಲ. ಉಪ್ಪು, ಅರಿಶಿನ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ಆರಿದ ಮೇಲೆ ಟೌರಿನ್ ಪುಡಿ, ದಿನಕ್ಕೆ ಕಾಲು ಗ್ರಾಂ ಲೆಕ್ಕ. ವೈದ್ಯರು ಬರೆದುಕೊಟ್ಟ ವಿಟಮಿನ್ ಪುಡಿ ಚಿಟಿಕೆ. ಹಸಿ ಮಾಂಸದ ಲೆಕ್ಕದಲ್ಲಿ ದಿನಕ್ಕೆ ನೂರ ಅರವತ್ತು ಗ್ರಾಂ, ಮೂರು ಹೊತ್ತು. ವಾರದಲ್ಲಿ ಎರಡು ಹೊತ್ತು ಪೇಟೆಯ ಒದ್ದೆ ಪೊಟ್ಟಣವನ್ನೂ ಕೊಡುತ್ತೇನೆ, ನನ್ನ ಲೆಕ್ಕದಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಇರಲಿ ಎಂದು. ಹಟ ಬೇರೆ, ಹುಚ್ಚು ಬೇರೆ.

ಕಲೇಜಿ ಐವತ್ತರ ಮೇಲೆ ಹೋಗಬಾರದು. ನಡುವೆ ಒಂದು ತಿಂಗಳು ಅಗ್ಗಕ್ಕೆ ಸಿಕ್ಕಿತೆಂದು ಇನ್ನೂರು ಗ್ರಾಂ ಹಾಕುತ್ತಿದ್ದೆ. ವಿಟಮಿನ್ ಎ ಮೈಯಲ್ಲಿ ಕೂಡುತ್ತಾ ಹೋಗಿ ಕುತ್ತಿಗೆಯ ಮೂಳೆ ಬಿಗಿಯುತ್ತದೆ ಎಂದು ಗೊತ್ತಾದದ್ದು ಆಮೇಲೆ. ಅಷ್ಟರಲ್ಲಿ ತೊಗರಿಗೆ ಕಲೇಜಿ ಚಟ ಹತ್ತಿತ್ತು, ಬೇರೆಯದನ್ನು ಮೂಸಿ ಕಾಲಿನಿಂದ ಮಣ್ಣೆಳೆಯುವಂತೆ ನೆಲ ಕೆರೆದು ಹೋಗುತ್ತಿತ್ತು. ‘ಹಸಿದರೆ ತಾನೇ ತಿನ್ನುತ್ತದೆ’ ಎಂದು ಬಿಟ್ಟೆ. ಒಂದೂವರೆ ದಿನ ಮುಟ್ಟಲಿಲ್ಲ. ನಾಯಿಯ ನಿಯಮ ಬೆಕ್ಕಿಗೆ ಹೊಂದುವುದಿಲ್ಲ. ಎರಡು ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿಗೆ ಕೊಬ್ಬು ಏರಿ ಪ್ರಾಣಕ್ಕೇ ಬರುತ್ತದೆ. ಸೋತು ಕಲೇಜಿ ಕೊಟ್ಟು, ಹದಿನೈದು ದಿನದಲ್ಲಿ ಚೂರುಚೂರೇ ಇಳಿಸಿದೆ. ಆ ಹದಿನೈದು ದಿನ ತಟ್ಟೆಯ ಮೇಲೆ ಏನು ಉದುರಿಸುತ್ತಿದ್ದೆ ಎನ್ನುವುದು ನನ್ನಲ್ಲೇ ಇರಲಿ. ಪೇಟೆಯ ಆಹಾರದಿಂದ ಈ ಮಾಂಸದ ಸಾರಿಗೆ ತಂದದ್ದೂ ಅದೇ ಉಪಾಯದಿಂದ.

ಅಡ್ಡದಾರಿಯ ಪ್ರಯೋಗಗಳೂ ಕಡಿಮೆಯಿಲ್ಲ. ಭೀಮಾ ನದಿಯ ಮೀನು ತಂದು ಮುಳ್ಳು ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು, ಗಿರಾಕಿ ಎರಡು ಸಲ ಬಂದು ಹೋದ. ಹಸಿಯಾಗಿ ಹಾಕೋಣವೆಂದರೆ ಕೆಲವು ಕೆರೆಮೀನುಗಳು ಥಯಾಮಿನ್ ವಿಟಮಿನನ್ನು ಒಡೆದುಹಾಕುತ್ತವೆ. ಈಗ ತಿಂಗಳಿಗೊಮ್ಮೆ ಬೇಯಿಸಿ, ಬಾಯಿರುಚಿಗೆ ಅಷ್ಟೇ. ಸಾರಿನಲ್ಲಿ ರೊಟ್ಟಿ ಪುಡಿ ಕಲಸಿ ಮಾಂಸ ಉಳಿಸಲು ನೋಡಿದೆ. ಉಳಿದದ್ದು ತಿಂಗಳಿಗೆ ನೂರು ರೂಪಾಯಿ, ಹೆಚ್ಚಾದದ್ದು ಮರಳಿನ ಖರ್ಚು. ಕೂಲರಿನ ನೂರೈವತ್ತು ರೂಪಾಯಿಯ ಪಂಪನ್ನು ಮಣ್ಣಿನ ಕುಂಡದಲ್ಲಿಟ್ಟು ಕಾರಂಜಿ ಮಾಡಿದ್ದು ಮಾತ್ರ ಗೆದ್ದಿತು. ಹರಿಯುವ ನೀರನ್ನು ತೊಗರಿ ಎರಡರಷ್ಟು ಕುಡಿಯುತ್ತದೆ. ಊಟದ ತಟ್ಟೆಯಿಂದ ದೂರ ಇಟ್ಟರೆ ಇನ್ನೂ ಹೆಚ್ಚು.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಐದು ಗಂಟೆ ಕರೆಂಟ್ ಇರಲಿಲ್ಲ. ಫ್ರೀಜರಿನ ಒಂಬತ್ತು ಡಬ್ಬಿ ಬೆವೆತು ಕೂತವು. ‘ಇನ್ನೂ ತಣ್ಣಗಿದೆ’ ಎಂದು ಒಂದನ್ನು ಕೊಟ್ಟೆ, ರಾತ್ರಿಯೆಲ್ಲ ವಾಂತಿ. ಉಳಿದ ಎಂಟನ್ನೂ ಗುಂಡಿ ತೋಡಿ ಹುಗಿದೆ. ಅಂದಿನಿಂದ ಮಾರ್ಚಿಯಿಂದ ಜೂನ್ ತನಕ ನಾಲ್ಕು ದಿನಕ್ಕಿಂತ ಹೆಚ್ಚು ಮಾಡಿಡುವುದಿಲ್ಲ, ತಟ್ಟೆಯನ್ನು ಇಪ್ಪತ್ತು ನಿಮಿಷದ ಮೇಲೆ ನೆಲದಲ್ಲಿ ಬಿಡುವುದಿಲ್ಲ. ಇನ್ನೊಂದು ಕಾಟ ನೆರೆಯವರ ಪ್ರೀತಿ. ಮದುವೆ ಮನೆಯ ತಹರಿ (ಮಸಾಲೆ ಅನ್ನ) ಉಳಿದರೆ ಬೆಕ್ಕಿಗೆಂದು ಎಲೆಯಲ್ಲಿ ಕಟ್ಟಿ ತರುತ್ತಾರೆ. ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ ಎಂದರೆ ‘ನಮ್ಮ ಮನೆಯದು ತಿನ್ನಬಾರದೇ?’ ಎಂದು ಮುಖ ಊದಿಸುತ್ತಾರೆ. ತೆಗೆದುಕೊಂಡು, ಕೈಮುಗಿದು, ಬೀದಿಯ ತಿರುವಿನಲ್ಲಿ ಚೆಲ್ಲುತ್ತೇನೆ.

ಖರ್ಚು ಹೇಳಿಬಿಡುತ್ತೇನೆ. ಮಾಂಸಕ್ಕೆ ಎಂಟುನೂರ ಐವತ್ತು, ಪೊಟ್ಟಣಕ್ಕೆ ನಾಲ್ಕುನೂರು, ಪುಡಿಗಳಿಗೆ ನೂರು ನೂರೈವತ್ತು. ಒಟ್ಟು ಸಾವಿರದ ನಾಲ್ಕುನೂರರ ಸುತ್ತ. ಆ ಮೇ ತಿಂಗಳ ನಂತರ ಹರಳು ಮತ್ತೆ ಕಾಣಿಸಿಲ್ಲ, ಮೂತ್ರವನ್ನು ಆರು ತಿಂಗಳಿಗೊಮ್ಮೆ ತೋರಿಸುತ್ತೇನೆ.

ದಿಲ್ ಮತ್ತು ಪೋಟಾ ಕಿಲೋಗೆ ನೂರ ಇಪ್ಪತ್ತಕ್ಕೆ ಸಿಗುತ್ತಿದ್ದವು. ಯಾವ ಹೊತ್ತಿಗೆ ಹೋದರೆ ಎಂಬತ್ತಕ್ಕೆ ಕೊಡುತ್ತಾರೆ ಎನ್ನುವುದನ್ನು ಓಣಿಯ ಇಬ್ಬರು ಬೆಕ್ಕಿನವರಿಗೆ ಬಾಯಿತಪ್ಪಿ ಹೇಳಿದೆ. ಹದಿನೈದು ದಿನದಲ್ಲಿ ಅಂಗಡಿಯವನು ಹಲಗೆಯ ಮೇಲೆ ನೂರ ಅರವತ್ತು ಎಂದು ಬರೆದ. ಈಗ ಬೇರೆ ಅಂಗಡಿ ಹಿಡಿದಿದ್ದೇನೆ. ಯಾವುದೆಂದು ವೈದ್ಯರಿಗೂ ಬರೆದುಕೊಟ್ಟಿಲ್ಲ.